ಒಂದು ಇಂಚು ಎತ್ತರ, ಮೂರು ಮಿಲಿಮೀಟರ್ ಉಕ್ಕು

ಬಳ್ಳಾರಿಯಲ್ಲಿ ನಮ್ಮ ಗಾಡಿಯ ಅಡಿ ಬಗ್ಗಿ ನೋಡಿದವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟು ಇಂಚು ಎತ್ತಿಸೀರಿ ಸಾರ್?" ಒಂದೇ ಇಂಚು ಅಂದ ಕೂಡಲೇ ಅವರ ಉತ್ಸಾಹ ಇಳಿದುಬಿಡುತ್ತದೆ. ಎರಡೋ ಮೂರೋ ಅಂದಿದ್ದರೆ ಚಾ ಕುಡಿಸುತ್ತಿದ್ದರೋ ಏನೋ. ಆದರೆ ನಾನು ಮಾಡಿಸಿದ ಕೆಲಸದಲ್ಲಿ ಎತ್ತರ ಎರಡನೇ ಮಾತು. ಮೊದಲನೆಯದು ಇಂಜಿನ್ ಅಡಿಯಲ್ಲಿರುವ ಉಕ್ಕಿನ ಪ್ಲೇಟು. ಆ ಪ್ಲೇಟಿಗೆ ಜಾಗ ಬೇಕಿತ್ತು, ಅದಕ್ಕೆ ಗಾಡಿ ಎತ್ತಿಸಿದೆ. ಈ ಲೆಕ್ಕ ನಿಂತುಕೊಂಡು ಹೇಳಿದರೆ ಯಾರಿಗೂ ತಲೆಗೆ ಹೋಗಲ್ಲ, ಹಾಗಾಗಿ ಬರೆದೇ ಬಿಡೋಣ ಅನ್ನಿಸಿತು.

ನಮ್ಮದು ಹಳೇ ಮಾದರಿಯ ಹುಂಡೈ ಕ್ರೆಟಾ. ಡೀಸೆಲ್, 16 ಇಂಚಿನ ಚಕ್ರ, ಮುಂದಿನ ಎರಡು ಚಕ್ರಕ್ಕೆ ಮಾತ್ರ ಡ್ರೈವ್. ಮನೆಗೆ ಇರುವುದು ಇದೊಂದೇ ಕಾರು. ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಕ್ಕಳನ್ನು ಊರಿಗೆ ಕರೆದೊಯ್ಯುವುದು, ಸುಗ್ಗಿಯಲ್ಲಿ ಹೊಲಕ್ಕೆ ಹೋಗುವುದು ಎಲ್ಲಾ ಇದರಲ್ಲೇ. ಗುಡ್ಡ ಹತ್ತಿಸುವ ಶೋಕಿ ನನಗಿಲ್ಲ. ಸಂಡೂರಿನ ಕಡೆ ಅದಿರು ರಸ್ತೆಗಳಲ್ಲಿ ಜೀಪು ಓಡಿಸುವ ಗೆಳೆಯರಿದ್ದಾರೆ, ಅವರ ಗಾಡಿಯೇ ಬೇರೆ, ಲೆಕ್ಕವೇ ಬೇರೆ.

ನನ್ನ ಸಮಸ್ಯೆ ಹೊಲದ ದಾರಿ. ಸಿರುಗುಪ್ಪ ದಾಟಿ ಒಳಗೆ ಹೋದರೆ ಕಾಲುವೆ ನೀರಿನ ನೆಲ್ಲಿನ, ಅಂದರೆ ಭತ್ತದ ಸೀಮೆ. ನೀರು ಬಿಟ್ಟಾಗ ಎರೆ ಮಣ್ಣು ನೆನೆದು ಮೆತ್ತಗಾಗುತ್ತದೆ. ಅದರ ಮೇಲೆ ಟ್ರ್ಯಾಕ್ಟರ್, ನೆಲ್ಲು ಕೊಯ್ಯುವ ಮಷಿನ್, ಲೋಡ್ ಲಾರಿ ಓಡಾಡಿ ಎರಡು ಆಳವಾದ ಜಾಡು ಬೀಳುತ್ತವೆ. ನಡುವೆ ದಿಂಡು ಉಳಿಯುತ್ತದೆ. ನೀರು ನಿಂತು ಬಿಸಿಲು ಬಿದ್ದ ಮೇಲೆ ಆ ದಿಂಡಿಗೆ ಗುದ್ದಲಿ ಹಾಕಿದರೂ ಜಗ್ಗಲ್ಲ. ಅದರ ಮೇಲೆ ಯಾರೋ ಪುಣ್ಯಾತ್ಮರು ಹಾಕಿಸಿದ ಗರಸಿನ ಕಲ್ಲು ಬೇರೆ ಎದ್ದಿರುತ್ತವೆ. ಟ್ರ್ಯಾಕ್ಟರಿನ ಗಾಲಿ ಎಲ್ಲಿ, ನಮ್ಮ ಗಾಲಿ ಎಲ್ಲಿ? ಅದರ ಜಾಡಿಗೆ ನಮ್ಮ ಗಾಡಿ ಇಳಿದರೆ ನಡುವಿನ ದಿಂಡು ನೇರ ಇಂಜಿನ್ನಿನ ಹೊಟ್ಟೆಗೇ ಬರುತ್ತದೆ.

ಇದರ ಜೊತೆ ಊರೂರಿನ ಹಂಪ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪಿನ ಅಳತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಯಾರೋ ಬೈಕಿನಿಂದ ಬಿದ್ದ ಮಾರನೇ ದಿನ ಊರವರೇ ಸಿಮೆಂಟ್ ಸುರಿದು ಕಟ್ಟುವ ಹಂಪಿಗೆ ಯಾವ ಅಳತೆಯೂ ಇಲ್ಲ. ಗಾಡಿ ತುಂಬ ಜನ ಇದ್ದರೆ ಅಡಿಯಲ್ಲಿ 'ಗರ್ರ್' ಅನ್ನುವ ಸದ್ದು ಗ್ಯಾರಂಟಿ.

ಅಡಿಯಲ್ಲಿ ಏನೇನು ತಾಗಬಹುದು ಅಂತ ಒಮ್ಮೆ ರ‍್ಯಾಂಪ್ ಮೇಲೆ ಹತ್ತಿಸಿ ನೋಡಬೇಕು. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಗಾಡಿ ಎತ್ತಿಸುವ ಬಿಲ್ಲೆ, ಉಂಗುರಗಳ ಕಿಟ್ ಕೊಳ್ಳುವ ಮೊದಲು ಅಡಿ ನೋಡಿ. ನಮ್ಮದರಲ್ಲಿ ಇಂಜಿನ್ ಕೆಳಗೆ ಇದ್ದದ್ದು ಪ್ಲಾಸ್ಟಿಕ್ ಕವರ್. ಅದು ನೀರು, ಧೂಳು ತಡೆಯೋಕೆ, ಕಲ್ಲು ತಡೆಯೋಕಲ್ಲ. ಅದರ ಮೇಲೆಯೇ ಚೇಂಬರ್, ಅಂದರೆ ಇಂಜಿನ್ ಆಯಿಲ್ ನಿಲ್ಲುವ ತೊಟ್ಟಿ. ಪಕ್ಕದಲ್ಲಿ ಗೇರ್ ಬಾಕ್ಸ್. ಹಿಂದೆ ಸೈಲೆನ್ಸರ್ ಪೈಪು, ಬ್ರೇಕ್ ಪೈಪು, ಡೀಸೆಲ್ ಟ್ಯಾಂಕು. ಸೈಲೆನ್ಸರ್ ಬಡಿದರೆ ಸದ್ದು ಬರುತ್ತದೆ, ಮನೆಗಂತೂ ಮುಟ್ಟಬಹುದು. ಚೇಂಬರ್ ಸೀಳಿದರೆ ಆಯಿಲ್ ಕೆಲವೇ ನಿಮಿಷದಲ್ಲಿ ಖಾಲಿ. ಕೆಂಪು ದೀಪ ಹತ್ತಿದ್ದನ್ನು ನೋಡದೆ ಸ್ವಲ್ಪ ದೂರ ಓಡಿಸಿದರೂ ಇಂಜಿನ್ ಸೀಜ್, ಅಂದರೆ ಒಳಗೆ ಕಚ್ಚಿಕೊಂಡು ನಿಂತೇ ಹೋಗುತ್ತದೆ. ಹೊಲದ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಮಕ್ಕಳಿರುವಾಗ, ಅದು ಯಾರಿಗೆ ಬೇಕು?

ಇನ್ನು ಅಳತೆ. ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಅಡಿಗಿರುವ ಎತ್ತರ, 190 ಮಿ.ಮೀ. ನಮ್ಮ ದೇಶದಲ್ಲಿ ಈ ಅಂಕಿ ಸಾಮಾನ್ಯವಾಗಿ ಖಾಲಿ ಗಾಡಿಯದು. ನಾನು ಪೆಟ್ರೋಲ್ ಬಂಕಿನ ಸಪಾಟು ಕಾಂಕ್ರೀಟಿನ ಮೇಲೆ ನಿಲ್ಲಿಸಿ, ನಾಲ್ಕೂ ಟೈರಿಗೆ ಗಾಳಿ ಸರಿಮಾಡಿ, ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿದೆ. ನೆಲದಿಂದ ಅಳೆಯುವುದಕ್ಕಿಂತ ಇದು ಒಳ್ಳೇದು. ಟೈರ್ ಸವೆದಿರಲಿ, ಗಾಳಿ ಹೆಚ್ಚುಕಮ್ಮಿ ಇರಲಿ, ಸ್ಪ್ರಿಂಗ್ ಎಷ್ಟು ಕೂತಿದೆ ಅನ್ನುವುದು ಮಾತ್ರ ಗೊತ್ತಾಗುತ್ತದೆ. ಆಮೇಲೆ ಐದೂ ಜನ ಕೂತು, ಡಿಕ್ಕಿಯಲ್ಲಿ 25 ಕೆ.ಜಿ.ಯ ಎರಡು ಅಕ್ಕಿ ಚೀಲ ಇಟ್ಟು ಮತ್ತೆ ಅಳೆದರೆ ಹಿಂದೆ ಸುಮಾರು 40 ಮಿ.ಮೀ. ಕೂತಿತ್ತು, ಮುಂದೆ 15ರ ಆಸುಪಾಸು. ಅಂದರೆ ನಮ್ಮಂಥ ಮನೆಗಳಲ್ಲಿ ಗಾಡಿ ನಿಜವಾಗಿ ಓಡುವ ಎತ್ತರ ಪುಸ್ತಕದಲ್ಲಿರುವುದಲ್ಲ. ಬಂಕಿನ ಹುಡುಗರು ನಮ್ಮನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಸರಿ, ಹಾಗಾದರೆ ಜಾಸ್ತಿ ಎತ್ತಿಸಿದರೆ ಆಯ್ತಲ್ವಾ? ಆಗಲ್ಲ. ಕ್ರೆಟಾದ ಮುಂದಿನದು ಮ್ಯಾಕ್‌ಫರ್ಸನ್ ಸ್ಟ್ರಟ್. ಶಾಕ್ ಅಬ್ಸಾರ್ಬರ್, ಸ್ಪ್ರಿಂಗ್ ಎರಡೂ ಒಂದೇ ಕಂಬದಲ್ಲಿರುತ್ತವೆ. ಆ ಕಂಬದ ತಲೆಗೂ ಬಾಡಿಗೂ ನಡುವೆ ಬಿಲ್ಲೆ ಇಟ್ಟರೆ ಬಾಡಿ ಮೇಲೇಳುತ್ತದೆ. ಆದರೆ ಇಂಜಿನ್, ಗೇರ್ ಬಾಕ್ಸ್ ಬಾಡಿಯ ಜೊತೆ ಮೇಲೆ ಹೋಗುತ್ತವೆ, ಚಕ್ರ ನೆಲದಲ್ಲೇ ಇರುತ್ತದೆ. ಎರಡರ ನಡುವೆ ಚಕ್ರ ತಿರುಗಿಸುವ ಸರಳು, ಡ್ರೈವ್ ಶಾಫ್ಟ್, ಓರೆಯಾಗುತ್ತದೆ. ಗಾಲಿ ಗುಂಡಿಗೆ ಇಳಿದಾಗ ಆ ಓರೆ ಇನ್ನೂ ಜಾಸ್ತಿ. ಜಾಯಿಂಟ್ ಸವೆಯುತ್ತದೆ, ಅದರ ಮೇಲಿನ ರಬ್ಬರ್ ಚೀಲ, ಬೂಟ್, ಹರಿಯುತ್ತದೆ, ಗ್ರೀಸ್ ಹೊರಬಂದು ಎರೆ ಮಣ್ಣು ಒಳಗೆ ಹೋದರೆ ಆ ಶಾಫ್ಟಿನ ಕಥೆ ಮುಗಿಯಿತು. ಚಕ್ರವನ್ನು ಕೆಳಗಿಂದ ಹಿಡಿಯುವ ಲೋಯರ್ ಆರ್ಮಿನ ಬಾಲ್ ಜಾಯಿಂಟ್, ಸ್ಟಿಯರಿಂಗಿನ ಟೈ ರಾಡ್ ಎಲ್ಲವೂ ತಮ್ಮ ಕೋನ ಬಿಟ್ಟು ಕೆಲಸ ಮಾಡಬೇಕು. ಇಂಥ ಗಾಡಿಗೆ 25ರಿಂದ 30 ಮಿ.ಮೀ.ವರೆಗೆ ತಡೆಯುತ್ತದೆ ಅನ್ನುವುದು ಈ ಕೆಲಸ ಬಲ್ಲವರ ಅಂದಾಜು, ನನಗೂ ಅದು ಸರಿ ಅನ್ನಿಸಿತು. ಎರಡು ಇಂಚು ಬೇಕು ಅನ್ನುವವರು ಬಾಡಿಯ ಕೆಳಗೆ ಬೇರೆಯೇ ಉಕ್ಕಿನ ಚೌಕಟ್ಟು, ಅಂದರೆ ಚಾಸಿ, ಇರುವ ಗಾಡಿ ತಗೊಳ್ಳಲಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಒತ್ತಿ ಹೇಳಿತು. ಬಂಪರ್ ಮುಂದೆ ಹಾಕುವ ಬುಲ್ ಬಾರ್ ಬೇಡ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಹಾಗಾಗಿ ನನ್ನ ಕೆಲಸ ಏನಿದ್ದರೂ ಅಡಿಯಲ್ಲೇ, ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತೆ ಆಗಬೇಕು, ಎಲ್ಲೂ ಕೊಯ್ಯಬಾರದು, ವೆಲ್ಡ್ ಮಾಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಇನ್ಶೂರೆನ್ಸ್‌ನವರಿಗೆ ಬರಹದಲ್ಲಿ ತಿಳಿಸಿದೆ. ವಾರಂಟಿ ಇರುವ ಹೊಸ ಗಾಡಿಯಾಗಿದ್ದರೆ ಸಸ್ಪೆನ್ಷನ್‌ಗೆ ಕೈ ಹಚ್ಚುತ್ತಿರಲಿಲ್ಲ. ಬರೀ ಪ್ಲೇಟ್ ಹಾಕಿಸಿ ಸುಮ್ನೆ ಇರುತ್ತಿದ್ದೆ.

ಮೊದಲು ಪ್ಲೇಟಿನ ಕೆಲಸ.

ರೆಡಿಮೇಡ್ ಇಂಜಿನ್ ಗಾರ್ಡ್‌ಗಳು ಸಿಗುತ್ತವೆ. ನಾನು ನೋಡಿದವು ತೆಳುವಾಗಿದ್ದವು, ಒಂದಕ್ಕಂತೂ ಆಯಿಲ್ ಬಿಡುವ ತೂತೇ ಇರಲಿಲ್ಲ. ಪ್ರತಿ ಸಲ ಆಯಿಲ್ ಬದಲಿಸುವಾಗ ಪೂರ್ತಿ ಬಿಚ್ಚಬೇಕು. ಪಕ್ಕದಲ್ಲೇ ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆ ಇಟ್ಟುಕೊಂಡು ತಗಡಿಗೆ ಆನ್‌ಲೈನಿನಲ್ಲಿ ಕಾಯುವುದೇನು? ನಮ್ಮಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ತಗಡು ಬಗ್ಗಿಸುವುದು ದಿನದ ಕೆಲಸ. ಅಂಥ ಒಬ್ಬ ಮೇಸ್ತ್ರಿಯನ್ನು ಹಿಡಿದೆ.

ಅಲ್ಯೂಮಿನಿಯಂ ಹಾಕಿಸು ಅಂತ ಗೆಳೆಯರು ಹೇಳಿದ್ದರು. ತೂಕದ ಲೆಕ್ಕದಲ್ಲಿ ಅವರು ಹೇಳುವುದು ನಿಜ. 900 ಮಿ.ಮೀ. ಉದ್ದ, 600 ಅಗಲದ ಪ್ಲೇಟು 3 ಮಿ.ಮೀ. ಉಕ್ಕಿನಲ್ಲಿ ಸುಮಾರು 12.7 ಕೆ.ಜಿ., 5 ಮಿ.ಮೀ. ಅಲ್ಯೂಮಿನಿಯಂನಲ್ಲಿ 7.3 ಕೆ.ಜಿ. ಆದರೆ ನಮ್ಮ ಕಡೆಯ ಕಲ್ಲು ಮೆತ್ತನೆ ಕಲ್ಲಲ್ಲ, ಗ್ರಾನೈಟು. ಕುರುಗೋಡು, ಗಂಗಾವತಿ, ಆನೆಗೊಂದಿ ಕಡೆ ಎಲ್ಲಿ ನೋಡಿದರೂ ಅದೇ. ಅಕ್ಕನ ಮನೆ ಗಂಗಾವತಿಯ ಕಡೆ ಇರುವುದರಿಂದ ಆ ದಾರಿಯೂ ನಮಗೆ ಬಳಕೆಯದೇ. ಅಲ್ಯೂಮಿನಿಯಂ ಮೆತ್ತಗೆ. ಗಟ್ಟಿ ಕಲ್ಲಿನ ಮೂಲೆ ಅದರಲ್ಲಿ ಕಚ್ಚಿಕೊಳ್ಳುತ್ತದೆ, ಗಾಡಿ ಅಲ್ಲೇ ನಿಲ್ಲುತ್ತದೆ. ಉಕ್ಕು ಗೀರು ಬಿದ್ದರೂ ಜಾರುತ್ತದೆ. ಅಡಿ ಪ್ಲೇಟಿಗೆ ಜಾರುವ ಗುಣ ಮುಖ್ಯ. ಇನ್ನೊಂದು, ಉಕ್ಕು ಬಗ್ಗಿದರೆ ಸಿಂಧನೂರಿನಲ್ಲೋ ಮಾನ್ವಿಯಲ್ಲೋ ಯಾವ ಅಂಗಡಿಯಲ್ಲಾದರೂ ಸುತ್ತಿಗೆ ಹೊಡೆದು ಸರಿಮಾಡಿಸಬಹುದು.

ನಮೂನೆ ತೆಗೆದ ರೀತಿ ಹೇಳಬೇಕು, ಅದು ನನಗೆ ಬಹಳ ಇಷ್ಟವಾಯಿತು. ಮೇಸ್ತ್ರಿ ಪ್ಲಾಸ್ಟಿಕ್ ಕವರ್ ಬಿಚ್ಚಿ, ಟೀವಿ ಬಂದಿದ್ದ ದಪ್ಪ ರಟ್ಟಿನ ಡಬ್ಬ ಬಿಡಿಸಿ, ನನ್ನ ಕೈಗೆ ಒಂದು ತುದಿ ಕೊಟ್ಟು ಗಾಡಿಯ ಅಡಿ ಮಲಗಿದರು. ಸಬ್‌ಫ್ರೇಮಿನಲ್ಲಿ, ಅಂದರೆ ಇಂಜಿನ್ ಅಡಿಯ ಉಕ್ಕಿನ ಚೌಕಟ್ಟಿನಲ್ಲಿ, ಬೋಲ್ಟ್ ಕೂರುವ ಪ್ರತಿ ತೂತಿನ ಬಾಯಿಗೂ ಬೆರಳಿನಿಂದ ಕರಿ ಗ್ರೀಸ್ ಸವರಿದರು. ರಟ್ಟನ್ನು ಮೇಲೆತ್ತಿ ಅಂಗೈಯಲ್ಲಿ ಒತ್ತಿದರು. ಇಳಿಸಿ ನೋಡಿದರೆ ರಟ್ಟಿನ ಮೇಲೆ ಕಪ್ಪು ಉಂಗುರಗಳು. ಒಂದೊಂದರ ನಡುವೆಯೂ ಮೊಳೆ ಚುಚ್ಚಿ, ಟೇಪ್ ಹಿಡಿಯದೆಯೇ ತೂತಿನ ಜಾಗ ಗುರುತು ಮಾಡಿದರು. "ಟೇಪ್ ಸುಳ್ಳು ಹೇಳ್ತೈತ್ರಿ, ಗ್ರೀಸ್ ಹೇಳಂಗಿಲ್ಲ" ಅಂದರು. ಆ ರಟ್ಟನ್ನೇ ತಗಡಿನ ಮೇಲಿಟ್ಟು ಕಟಿಂಗ್.

ಪ್ಲೇಟಿಗೆ ನಾನು ಹಾಕಿದ ಷರತ್ತುಗಳು ಕೆಲವು. ಚೇಂಬರಿಗೂ ಪ್ಲೇಟಿಗೂ ನಡುವೆ 20 ಮಿ.ಮೀ. ಸಂದು ಬೇಕೇ ಬೇಕು. ಕಲ್ಲು ಹೊಡೆದು ಪ್ಲೇಟ್ ಸ್ವಲ್ಪ ಬಗ್ಗಿದರೂ ಚೇಂಬರಿಗೆ ತಾಗಬಾರದು. ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಅಲ್ಲಾಡುತ್ತದೆ, ಅದಕ್ಕೂ ಜಾಗ ಬೇಕು. ಮುಂದಿನ ಅಂಚು ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ನೇಗಿಲಿನಂತೆ ದಿಂಡನ್ನು ಉಳುತ್ತಾ ಹೋಗುತ್ತದೆ. ಗಟ್ಟಿತನಕ್ಕೆ ಮೇಲಿಂದ ಪಟ್ಟಿ ವೆಲ್ಡ್ ಮಾಡುವುದು ಬೇಡ, ತಗಡನ್ನೇ ಉದ್ದಕ್ಕೆ ಎರಡು ಕಡೆ ಬೆಂಡ್ ಮಾಡಿ. ಪಟ್ಟಿ ಹಚ್ಚಿದರೆ ಅದರ ಮೂಲೆಯಲ್ಲಿ ಮಣ್ಣು ಕೂತು ತುಕ್ಕು ಹಿಡಿಯುತ್ತದೆ. ಆಯಿಲ್ ಬಿಡುವ ಬೋಲ್ಟಿನ ಕೆಳಗೆ ಪಾನಾ ಮತ್ತು ಕೈ ಹೋಗುವಷ್ಟು ದೊಡ್ಡ ತೂತು. ಗಾಳಿಗೆ ಸೀಳುಗಳು, ಆದರೆ ಅವುಗಳ ತುಟಿ ಹಿಂದಕ್ಕೆ ತೆರೆದಿರಬೇಕು. ಮುಂದಕ್ಕೆ ತೆರೆದಿದ್ದರೆ ಕಲ್ಲು, ಹುಲ್ಲು ಎಲ್ಲಾ ಒಳಗೆ.

ಬೋಲ್ಟಿನ ವಿಚಾರದಲ್ಲಿ ನಾವಿಬ್ಬರೂ ಜಗಳಕ್ಕೇ ಬಿದ್ದೆವು. ನೇರ ಬ್ರಾಕೆಟ್ ವೆಲ್ಡ್ ಹೊಡೆದುಬಿಡೋಣ, ಹತ್ತು ವರ್ಷ ಅಲ್ಲಾಡಲ್ಲ ಅಂತ ಅವರ ವಾದ. ಟ್ರೇಲರಿಗೆ ಅದು ಸರಿ. ಕಾರಿಗೆ ಬೇಡ. ಬಿಚ್ಚೋಕೆ ಬರಬೇಕು. ಜೊತೆಗೆ ಈಗಿನ ಗಾಡಿಗಳು ಡಿಕ್ಕಿಯಾದಾಗ ಮುಂದಿನ ಭಾಗ ಕುಗ್ಗಿ ಪೆಟ್ಟು ನುಂಗುವಂತೆ ಮಾಡಿರುತ್ತಾರೆ. ಬಂಪರ್ ಹಿಂದಿನ ಅಡ್ಡಪಟ್ಟಿಯಿಂದ ಸಬ್‌ಫ್ರೇಮಿನವರೆಗೆ 3 ಮಿ.ಮೀ. ಉಕ್ಕನ್ನು ಬಿಗಿದು ಕಟ್ಟಿದರೆ ಆ ಕುಗ್ಗುವಿಕೆಗೆ ಅಡ್ಡ ಬಂದಂತೆ ಅಲ್ವಾ? ಹಾಗಾಗಿ ಹಿಂದೆ ಸಬ್‌ಫ್ರೇಮಿಗೆ ಗಟ್ಟಿ ಬೋಲ್ಟ್, ಮುಂದೆ ಉದ್ದ ತೂತಿನಲ್ಲಿ ಸಣ್ಣ ಬೋಲ್ಟ್. ಮುಂದಿನಿಂದ ಜೋರು ಪೆಟ್ಟು ಬಿದ್ದರೆ ಪ್ಲೇಟು ಹಿಂದಕ್ಕೆ ಜಾರಲಿ. ಬೋಲ್ಟಿನ ತಲೆ ಚಪ್ಪಟೆಯದು. ಷಟ್ಕೋನದ ತಲೆ ಕಲ್ಲಿಗೆ ಉಜ್ಜಿ ಸವೆದರೆ ಆಮೇಲೆ ಪಾನಾ ಹಿಡಿಯಲ್ಲ. ಎಲ್ಲಾ ಕಡೆ ರಬ್ಬರ್ ವಾಷರ್. ಜಿಂಕ್ ಪ್ರೈಮರ್ ಹೊಡೆಸಿ ಕರಿ ಬಣ್ಣ. ಪೌಡರ್ ಕೋಟಿಂಗ್ ಚೆಂದ ಕಾಣುತ್ತದೆ, ಆದರೆ ಗೀರು ಬಿದ್ದ ಕಡೆ ಸಿಪ್ಪೆ ಏಳುತ್ತದೆ. ಬಣ್ಣವಾದರೆ ಮನೆಯಲ್ಲೇ ಮತ್ತೆ ಹಚ್ಚಬಹುದು.

ಪ್ಲೇಟಿಗೆ, ಕೂಲಿಗೆ, ಬಣ್ಣಕ್ಕೆ ಸೇರಿ ಆರು ಸಾವಿರದ ಒಳಗೇ ಆಯಿತು.

ಈಗ ಲೆಕ್ಕ ನೋಡಿ. 20 ಮಿ.ಮೀ. ಸಂದು, 3 ಮಿ.ಮೀ. ತಗಡು, ಬೋಲ್ಟಿನ ತಲೆ 5 ಮಿ.ಮೀ. ಒಟ್ಟು 28. ಅಂದರೆ ಚೇಂಬರಿನಿಂದ 28 ಮಿ.ಮೀ. ಕೆಳಗೆ ಈಗ ಉಕ್ಕು ಇದೆ. ಬರೀ ಪ್ಲೇಟ್ ಹಾಕಿಸಿ ಬಿಟ್ಟರೆ ಅಡಿ ಬೇಗ ತಾಗುತ್ತದೆ. ತಾಗಿದರೂ ಒಡೆಯಲ್ಲ, ಅದು ಬೇರೆ ಮಾತು. ಆದರೆ ದಿಂಡಿನ ಮೇಲೆ ಹೊಟ್ಟೆ ಊರಿ ಕೂತರೆ ಮುಂದಿನ ಗಾಲಿ ತಿರುಗಿದಲ್ಲೇ ತಿರುಗುತ್ತದೆ. ಕಳೆದುಕೊಂಡ ಆ 28ನ್ನು ವಾಪಸ್ ಪಡೆಯುವುದಕ್ಕೇ ಲಿಫ್ಟ್ ಕಿಟ್.

ಮುಂದೆ 25 ಮಿ.ಮೀ.ಯ ಅಲ್ಯೂಮಿನಿಯಂ ಬಿಲ್ಲೆ, ಹಿಂದೆ 20 ಮಿ.ಮೀ.ಯ ಪಾಲಿಯುರೆಥೇನ್ ಉಂಗುರ. ಮುಂದಿನ ಬಿಲ್ಲೆಯನ್ನು ಲೇತ್‌ನಲ್ಲೇ ಮಾಡಿಕೊಡುತ್ತೇನೆ ಅಂದವರಿದ್ದರು. ಬಿಲ್ಲೆ ಮಾಡಬಹುದು, ಅದರೊಳಗಿನ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟ್, ನಂಬೋದು ಹೇಗೆ? ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಸ್ಟ್ರಟ್ಟಿನ ತಲೆ ಜರುಗದಂತೆ ಹಿಡಿಯುವುದು ಆ ಮೂರು ಸ್ಟಡ್‌ಗಳೇ. ತಗಡು ನಮ್ಮೂರಿನದು, ಇದು ಮಾತ್ರ ತಯಾರಾಗಿ ಬಂದದ್ದು ಅಂತ ತೀರ್ಮಾನ ಮಾಡಿದೆ.

ಜೋಡಿಸಿದ್ದು ನಮ್ಮ ಹಳೇ ಮೆಕ್ಯಾನಿಕ್ ಭಾಯ್, ನಾನು ಪಾನಾ ಕೊಡುವವನು. ಬಾನೆಟ್ ಎತ್ತಿದರೆ ಎಡಬಲ ಮೂಲೆಗಳಲ್ಲಿ ಸ್ಟ್ರಟ್ಟಿನ ತಲೆಗೆ ಮೂರು ನಟ್ ಸುತ್ತಲೂ, ಒಂದು ನಡುವೆ ಇರುತ್ತದೆ. ಬಿಚ್ಚಬೇಕಾದ್ದು ಸುತ್ತಲಿನ ಮೂರು ಮಾತ್ರ. ನಡುವಿನದನ್ನು ಮುಟ್ಟಲೇಬಾರದು. ಒತ್ತಿ ಕೂರಿಸಿದ ಸ್ಪ್ರಿಂಗನ್ನು ಹಿಡಿದಿರುವುದು ಅದೇ. ಬಿಚ್ಚಿದರೆ ಸ್ಪ್ರಿಂಗ್ ಹಾರಿ ಜೀವಕ್ಕೇ ಅಪಾಯ. ಯೂಟ್ಯೂಬ್ ನೋಡಿ ಮನೆಯಂಗಳದಲ್ಲಿ ಮಾಡುವವರಿಗೆ ಇದೊಂದನ್ನು ಕೈಮುಗಿದು ಹೇಳುತ್ತೇನೆ. ಇನ್ನು ಜಾಕಿ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ, ಜೊತೆಗೆ ಬಿಚ್ಚಿದ ಚಕ್ರವನ್ನೂ ಅಡಿಗೆ ತಳ್ಳಿಡಿ.

ಲಿಂಕ್ ರಾಡ್ ಬಿಚ್ಚಿ, ಬ್ರೇಕ್ ಪೈಪಿನ ಕ್ಲಿಪ್, ಎಬಿಎಸ್ ವೈರಿನ ಕ್ಲಿಪ್ ತೆಗೆದು, ಸ್ಟ್ರಟ್ಟಿನ ಬುಡದ ಎರಡು ದೊಡ್ಡ ಬೋಲ್ಟುಗಳ ಸುತ್ತ ಭಾಯ್ ಬಿಳಿ ಬಣ್ಣದಲ್ಲಿ ಗುರುತು ಹಾಕಿಕೊಂಡರು. ಆ ಬೋಲ್ಟಿನ ತೂತಿನಲ್ಲಿ ಕೂದಲೆಳೆ ಸಡಿಲ ಇರುತ್ತದೆ, ಜಾಗ ತಪ್ಪಿ ಕೂತರೆ ಚಕ್ರ ಒಳಗೋ ಹೊರಗೋ ವಾಲುತ್ತದೆ. ಸ್ಟ್ರಟ್ ತೆಗೆದ ಮೇಲೆ ಹಬ್ ಅನ್ನು, ಅಂದರೆ ಚಕ್ರ ಕೂರುವ ಭಾಗವನ್ನು, ತಂತಿಯಲ್ಲಿ ಮೇಲೆ ಕಟ್ಟಿದರು. ಹಾಗೇ ಬಿಟ್ಟರೆ ಅದು ಹೊರಕ್ಕೆ ವಾಲಿ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್ ಕಳಚಬಹುದು. ಬಿಲ್ಲೆ ಕೂರಿಸಿ ವಾಪಸ್ ಹಾಕುವುದೇನೂ ಕಷ್ಟವಲ್ಲ. ಹಳೇ ನಟ್ ಬೇಡ, ಹೊಸ ಲಾಕ್ ನಟ್.

ಹಿಂದೆ ಇನ್ನೂ ಸುಲಭ. ಎರಡೂ ಹಿಂದಿನ ಚಕ್ರ ಸೇರಿಸುವ ಅಡ್ಡ ತೊಲೆ, ಟಾರ್ಷನ್ ಬೀಮ್, ಇರುವುದರಿಂದ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ. ಬೀಮಿಗೆ ಕೆಳಗಿಂದ ಜಾಕಿ ಕೊಟ್ಟು, ಎರಡೂ ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟ್ ತೆಗೆದು, ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಯಲ್ಲೇ ಹೊರಬರುತ್ತದೆ. ಬ್ರೇಕ್ ಪೈಪು ಬಿಗಿಯಾಗದಂತೆ ಒಬ್ಬರು ನೋಡುತ್ತಿರಬೇಕು. ಉಂಗುರ ಇಟ್ಟು, ಸ್ಪ್ರಿಂಗಿನ ತುದಿ ತನ್ನ ಗೂಡಿನಲ್ಲೇ ಕೂತಿದೆಯಾ ಅಂತ ನೋಡಿ ಮೇಲೆತ್ತುವುದು.

ಮುಂದಿನ ಹೆಜ್ಜೆಯನ್ನು ಬಹಳ ಅಂಗಡಿಯವರು ಮಾಡಲ್ಲ, ನನ್ನ ಪ್ರಕಾರ ಅದೇ ಮುಖ್ಯ. ಲೋಯರ್ ಆರ್ಮ್, ಹಿಂದಿನ ಬೀಮ್ ಇವೆಲ್ಲ ರಬ್ಬರ್ ಬುಶ್‌ಗಳಲ್ಲಿ ಕೂತಿರುತ್ತವೆ. ಹಳೇ ಎತ್ತರದಲ್ಲಿ ಬಿಗಿ ಮಾಡಿದ ಬುಶ್ ಹೊಸ ಎತ್ತರದಲ್ಲಿ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಸೀಳುತ್ತದೆ. ಆದ್ದರಿಂದ ಎಲ್ಲಾ ಮುಗಿದು ಗಾಡಿಯ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಆ ಬುಶ್‌ಗಳ ಬೋಲ್ಟ್ ಸಡಿಲಿಸಿ, ಗಾಡಿಯನ್ನು ಮೇಲೆ ಕೆಳಗೆ ಅಲ್ಲಾಡಿಸಿ, ಅದೇ ಎತ್ತರದಲ್ಲಿ ಮತ್ತೆ ಬಿಗಿ ಮಾಡಬೇಕು. ಭಾಯ್‌ಗೆ ಇದನ್ನು ಹೇಳಿದಾಗ, "ನಿಮಗೆ ಯಾರು ಹೇಳಿದ್ರು ಸಾಬ್?" ಅಂತ ಗುರಾಯಿಸಿದರು, ಆಮೇಲೆ ನನಗಿಂತ ಚೆನ್ನಾಗಿ ಮಾಡಿದರು.

ಟೈರ್ ಆಗಲೇ ಸವೆದಿತ್ತು, ಜೊತೆಗೇ ಬದಲಿಸಿದೆ. ಮೊದಲಿದ್ದದ್ದು 205/65 ಆರ್16, ಎತ್ತರ ಸುಮಾರು 673 ಮಿ.ಮೀ. ಹಾಕಿದ್ದು 215/65 ಆರ್16, ಸುಮಾರು 686. ವ್ಯತ್ಯಾಸದ ಅರ್ಧ, ಅಂದರೆ ಆರೂವರೆ ಮಿ.ಮೀ. ಮಾತ್ರ ನೆಲದಿಂದ ಮೇಲೆ ಸಿಗುತ್ತದೆ. ಕಮ್ಮಿ ಅನ್ನಿಸಬಹುದು. ಆದರೆ ಬಿಲ್ಲೆ ಎತ್ತುವುದು ಬಾಡಿಯನ್ನು, ಟೈರ್ ಎತ್ತುವುದು ಎಲ್ಲವನ್ನೂ, ಹಿಂದಿನ ಬೀಮನ್ನೂ ಸೇರಿಸಿ. ಒಳಗೆ ತಾಗುತ್ತದಾ ಅನ್ನುವ ಭಯವೂ ಬೇಡ. ಇದೇ ಗಾಡಿಯ ಮೇಲಿನ ಮಾಡೆಲಿಗೆ ಕಂಪನಿಯೇ ಕೊಟ್ಟ 215/60 ಆರ್17 ಟೈರ್ ಇದಕ್ಕಿಂತ ಮೂರ್ನಾಲ್ಕು ಮಿ.ಮೀ. ಎತ್ತರ. ಮೀಟರಿನಲ್ಲಿ 100 ತೋರಿಸುವಾಗ ಮೊದಲಿಗಿಂತ ಎರಡು ಕಿ.ಮೀ. ಜಾಸ್ತಿ ಓಡುತ್ತಿರುತ್ತೇವೆ, ಅಷ್ಟೇ.

ಸ್ಪ್ರಿಂಗ್ ಕೂರಲಿ ಅಂತ ಸ್ವಲ್ಪ ಓಡಿಸಿ, ಎಲ್ಲಾ ಬೋಲ್ಟ್ ಮತ್ತೊಮ್ಮೆ ಬಿಗಿದು, ಅದೇ ಬಂಕಿನಲ್ಲಿ ಅಳೆದೆ. ಮುಂದೆ 24, ಹಿಂದೆ 22 ಏರಿತ್ತು. ಟೈರ್ ಸೇರಿ ಮುಂದೆ ಮೂವತ್ತರ ಹತ್ತಿರ. ಪ್ಲೇಟ್ ತಿಂದದ್ದು 28. ಅಲ್ಲಿಗೆ ಮೊದಲು ಚೇಂಬರ್ ಇದ್ದ ಎತ್ತರದಲ್ಲಿ ಈಗ ಉಕ್ಕು ಬಂದು ಕೂತಿದೆ, ಚೇಂಬರ್ ಒಂದು ಇಂಚಿಗಿಂತ ಮೇಲೆ ಹೋಗಿದೆ. "ಎಷ್ಟು ಇಂಚು" ಅಂದವರಿಗೆ ನಾನು ಹೇಳಬೇಕೆಂದಿದ್ದ ಉತ್ತರ ಇದೇ.

ಆಮೇಲೆ ವೀಲ್ ಅಲೈನ್‌ಮೆಂಟ್. ಇದನ್ನು ಬಿಟ್ಟರೆ ಹೊಸ ಟೈರ್ ಒಂದು ಕಡೆ ಸವೆದು ಹಾಳು. ಹೆಡ್‌ಲೈಟಿನ ಬಗ್ಗೆಯೂ ಒಂದು ಮಾತು. ಹಿಂದೆ ಮುಂದೆ ಸಮ ಎತ್ತಿದರೆ ಲೈಟಿನ ಕೋನ ಬದಲಾಗಲ್ಲ. ದುಡ್ಡು ಉಳಿಸಲು ಮುಂದೆ ಮಾತ್ರ ಬಿಲ್ಲೆ ಹಾಕಿಸುವವರಿದ್ದಾರೆ. ಅವರ ಲೈಟು ಆಕಾಶ ನೋಡುತ್ತದೆ. ರಾತ್ರಿ ಹೊಸಪೇಟೆ ಹೆದ್ದಾರಿಯಲ್ಲಿ ಎದುರಿಗೆ ಬರುವ ಲಾರಿಯವನ ಬೈಗುಳ ಪುಕ್ಕಟೆ.

ಓಡಿಸುವಾಗ ಏನು ವ್ಯತ್ಯಾಸ? ತಿರುವಿನಲ್ಲಿ ಸ್ವಲ್ಪ ಜಾಸ್ತಿ ವಾಲುತ್ತದೆ, ಡಬಲ್ ರೋಡಿನಲ್ಲಿ ಬಸ್ ದಾಟಿದಾಗ ಗಾಳಿಯ ತಳ್ಳು ಗೊತ್ತಾಗುತ್ತದೆ. ಹಿಂದೆ ಖಾಲಿ ಇದ್ದಾಗ ಹಂಪ್ ಇಳಿಯುವಾಗ 'ಟಕ್' ಅನ್ನುತ್ತದೆ. ಶಾಕ್ ಅಬ್ಸಾರ್ಬರಿನ ಉದ್ದ ಅಷ್ಟೇ ಇದೆ, ಸ್ಪ್ರಿಂಗ್ ಮಾತ್ರ ಮೇಲೆತ್ತಿದೆ, ಕೆಳಗೆ ಇಳಿಯುವ ಆಟ ಅಷ್ಟು ಕಮ್ಮಿ ಆಯಿತು. ಜನ ಕೂತರೆ ಆ ಸದ್ದಿಲ್ಲ. ಮೈಲೇಜ್ ಕೊಂಚ ಇಳಿದಿದೆ. ಅವ್ವನಿಗೆ ಮಂಡಿ ನೋವು, ಹತ್ತುವಾಗ ಒಂದು ಇಂಚೂ ಗೊತ್ತಾಗುತ್ತದೆ. "ಇದನ್ಯಾಕಪ್ಪ ಮತ್ತ ಎತ್ತರ ಮಾಡಿಸ್ದಿ?" ಅಂತ ಮೊದಲ ದಿನವೇ ಕೇಳಿದರು. ಪಕ್ಕಕ್ಕೆ ಫುಟ್‌ಸ್ಟೆಪ್ ಹಾಕಿಸು ಅಂದರು ಮನೆಯವರು. ಅದು ಬದಿಯಲ್ಲಿ ಕೆಳಗೆ ಇಳಿಬಿದ್ದು ಗಳಿಸಿದ್ದನ್ನೆಲ್ಲ ಕಳೆಯುತ್ತದೆ. ಮರದ ಒಂದು ಪುಟ್ಟ ಮಣೆ ಡಿಕ್ಕಿಯಲ್ಲಿ ಇಟ್ಟಿದ್ದೇವೆ. ಅದನ್ನು ಹೊತ್ತು ತರುವುದು ಮೊಮ್ಮಗನ ಕೆಲಸ.

ಪ್ಲೇಟ್ ಹಾಕಿಸಿದ ಮೇಲೆ ಕೆಲವು ಹೊಸ ಜವಾಬ್ದಾರಿಗಳೂ ಬರುತ್ತವೆ. ದೊಡ್ಡದು ಹುಲ್ಲು. ನಮ್ಮ ಕಡೆ ಸಜ್ಜೆ, ತೊಗರಿ, ಹುರುಳಿ ಎಲ್ಲಾ ಡಾಂಬರು ರಸ್ತೆಯ ಮೇಲೇ ಹರಡಿರುತ್ತಾರೆ, ಓಡಾಡುವ ಗಾಡಿಗಳೇ ಒಕ್ಕಣೆ ಮಾಡಬೇಕು. ಆ ಒಣ ಕಡ್ಡಿ, ಹೊಟ್ಟು ಡ್ರೈವ್ ಶಾಫ್ಟಿಗೆ ಸುತ್ತಿಕೊಂಡು ಪ್ಲೇಟಿನ ಮೇಲೆ ಕೂರುತ್ತದೆ. ಪಕ್ಕದಲ್ಲೇ ಕೆಂಡದಂತೆ ಕಾದ ಸೈಲೆನ್ಸರ್ ಪೈಪು. ಬೆಂಕಿ ಹತ್ತುವುದಕ್ಕೆ ಇನ್ನೇನು ಬೇಕು? ಪ್ಲೇಟ್ ಇಲ್ಲದಿದ್ದರೆ ಅರ್ಧ ತಾನೇ ಉದುರುತ್ತಿತ್ತು. ಹಾಗಾಗಿ ಒಕ್ಕಣೆ ದಾಟಿದ ಮೇಲೆ ಮೊದಲು ಸಿಗುವ ಚಾ ಅಂಗಡಿಯಲ್ಲಿ ಬಗ್ಗಿ ನೋಡಿ, ಕೈಗೆ ಸಿಕ್ಕಿದ್ದನ್ನು ಎಳೆದು ಹಾಕುತ್ತೇನೆ. ತಂತಿಯ ಒಂದು ಕೊಕ್ಕೆ ಸೀಟಿನ ಕೆಳಗೆ ಸದಾ ಇರುತ್ತದೆ.

ಎರೆ ಮಣ್ಣಿನದೂ ಅದೇ ಕಥೆ. ಮಳೆಗಾಲದಲ್ಲಿ ಚೇಂಬರಿಗೂ ಪ್ಲೇಟಿಗೂ ನಡುವಿನ ಆ 20 ಮಿ.ಮೀ. ಸಂದಿನಲ್ಲಿ ತುಂಬಿಕೊಂಡು ಒಣಗಿದರೆ, ಸಂದು ಇದ್ದೂ ಇಲ್ಲದಂತೆ. ಕಲ್ಲಿನ ಪೆಟ್ಟು ಮಣ್ಣಿನ ಮೂಲಕ ನೇರ ಚೇಂಬರಿಗೆ. ಇಂಜಿನ್ನಿನ ಕಾವೂ ಹೊರಗೆ ಹೋಗಲ್ಲ. ಹಸಿ ಇರುವಾಗಲೇ ಸೀಳುಗಳಿಂದ ನೀರು ಹೊಡೆಸಿದರೆ ಸುಲಭವಾಗಿ ಬಿಡುತ್ತದೆ. ಮೇ ತಿಂಗಳ ಬಳ್ಳಾರಿ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ಗಾಡಿ ತುಂಬ ಜನ ಇಟ್ಟುಕೊಂಡು ಓಡಿಸಿ ನೋಡಿದೆ. ಟೆಂಪರೇಚರ್ ಮುಳ್ಳು ತನ್ನ ಜಾಗ ಬಿಡಲಿಲ್ಲ. ನಿಲ್ಲಿಸಿದ ಮೇಲೆ ಫ್ಯಾನ್ ಮೊದಲಿಗಿಂತ ಸ್ವಲ್ಪ ಹೊತ್ತು ಜಾಸ್ತಿ ತಿರುಗುತ್ತದೆ. ಪ್ಲೇಟಿನ ಹಿಂಭಾಗ ಪೂರ್ತಿ ಮುಚ್ಚದೆ ಬಿಟ್ಟಿದ್ದರಿಂದ ಬಿಸಿಗಾಳಿಗೆ ದಾರಿ ಇದೆ.

ಸರ್ವಿಸಿಗೆ ಬಿಡುವಾಗ ಹುಡುಗರಿಗೆ ಒಂದು ಮಾತು ಹೇಳಿಯೇ ಬರುತ್ತೇನೆ: ಪ್ಲೇಟಿಗೆ ಜಾಕಿ ಕೊಡಬೇಡಿ, ಕಂಪನಿ ಗುರುತು ಮಾಡಿದ ಜಾಗಕ್ಕೇ ಕೊಡಿ. ಮಳೆಗಾಲದ ಮೊದಲು ಮತ್ತು ಸುಗ್ಗಿ ಮುಗಿದ ಮೇಲೆ ಪ್ಲೇಟ್ ಬಿಚ್ಚಿ, ಡ್ರೈವ್ ಶಾಫ್ಟಿನ ಬೂಟ್ ಸೀಳಿದೆಯಾ ನೋಡಿ, ಗೀರು ಬಿದ್ದ ಕಡೆ ಬಣ್ಣ ಹಚ್ಚಿ ಹಾಕುತ್ತೇವೆ. ಈ ಸಲ ಬಿಚ್ಚಿದಾಗ ನಡುವೆ, ಸರಿಯಾಗಿ ಚೇಂಬರಿನ ಕೆಳಗೆ, ಹೆಬ್ಬೆರಳು ಇಡುವಷ್ಟು ತಗ್ಗು ಬಿದ್ದಿತ್ತು. ಮೇಸ್ತ್ರಿ ಅದನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಸರಿಮಾಡಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಡೀಸೆಲ್ ಟ್ಯಾಂಕಿಗೆ ಇನ್ನೂ ಏನೂ ಹಾಕಿಸಿಲ್ಲ. ಅಲ್ಲಿ ಉಕ್ಕು ಬೇಡ ಅಂತ ನನ್ನ ಯೋಚನೆ. ಹಿಂದೆ ತೂಕ ಏರಿದರೆ ಸ್ಪ್ರಿಂಗ್ ಮತ್ತೆ ಕೂರುತ್ತದೆ. ದಪ್ಪ ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಸಿಕ್ಕರೆ ಒಳ್ಳೇದು, ಹಗುರ, ಜಾರುತ್ತದೆ, ತುಕ್ಕು ಹಿಡಿಯಲ್ಲ. ಮೇಸ್ತ್ರಿ ಪ್ಲಾಸ್ಟಿಕ್ ಕೆಲಸ ತಮ್ಮದಲ್ಲ ಅಂತಿದ್ದಾರೆ, ಆದರೂ ರಟ್ಟಿನ ನಮೂನೆ ತೆಗೆದುಕೊಡೋಕೆ ಒಪ್ಪಿದ್ದಾರೆ.